ಬಾಹ್ಯಾಕಾಶ ಹೋಟೆಲ್: ಹೋಗಬಹುದಾ, ಎಷ್ಟು ಖರ್ಚು, ಟೆಲಿಸ್ಕೋಪ್ ಒಯ್ಯಬಹುದಾ?

ನೀವು ಹಾಕಿದ ಚಕ್ರದಾಕಾರದ ಹೋಟೆಲಿನ ಚಿತ್ರ ನೋಡಿದೆ. ರಿಟೈರ್ ಆದ ಮೇಲೆ ಗಂಡ ಹೆಂಡತಿ ಹೋಗಿಬರಬಹುದಾ, ಎಷ್ಟಾಗುತ್ತದೆ, ನಿಮ್ಮ ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಜೊತೆಗೆ ಒಯ್ಯಬಹುದಾ ಅಂತ ಕೇಳಿದ್ದೀರಿ. ಅದರ ಕೆಳಗೆ ಇನ್ನೊಬ್ಬರು "ಇದೆಲ್ಲಾ ಸುಮ್ನೆ ದುಡ್ಡು ಹೊಡೆಯುವ ದಂಧೆ" ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಅಷ್ಟು ಸಲೀಸಾಗಿ ತಳ್ಳಿಹಾಕುವಂಥ ವಿಷಯವಲ್ಲ ಇದು. ಜನ ಹೋಗಿದ್ದಾರೆ, ಸ್ವಂತ ದುಡ್ಡು ಕೊಟ್ಟೇ ಹೋಗಿದ್ದಾರೆ. ಆದರೆ ಅವರು ಹೋದದ್ದು ಆ ಚಿತ್ರದಲ್ಲಿರುವಂಥ ಜಾಗಕ್ಕಲ್ಲ, ಅಂಥದ್ದೊಂದು ಇನ್ನೂ ಎಲ್ಲೂ ಇಲ್ಲ. ನನ್ನನ್ನು ಕೇಳಿದರೆ ಅಲ್ಲಿಗೆ ಹೋಗಲು ಇರುವುದು ಒಂದೇ ಒಂದು ಕಾರಣ, ಕಿಟಕಿ. ಮಿಕ್ಕಿದ್ದೆಲ್ಲಾ ಕಿಟಕಿಗೋಸ್ಕರ ಸಹಿಸಿಕೊಳ್ಳಬೇಕಾದ ಕಷ್ಟ.

ಆ ಕಿಟಕಿ ಮಾತ್ರ ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ನಾವೆಲ್ಲ ಸಂಜೆ ಟೆರೇಸ್ ಮೇಲೆ ನಿಂತು ನೋಡುತ್ತೇವಲ್ಲ, ಆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ (ದುಡ್ಡು ಕೊಟ್ಟು ಹೋದವರು ಹೆಚ್ಚಾಗಿ ಹೋದದ್ದು ಇಲ್ಲಿಗೇ) ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಹತ್ತಿರಹತ್ತಿರ 28,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಒಂದೂವರೆ ಗಂಟೆಗೆ ಒಂದು ಸುತ್ತು, ಅಂದರೆ ದಿನಕ್ಕೆ 16 ಸಲ ಬೆಳಗಾಗುತ್ತದೆ. ಆ ವೇಗದಲ್ಲಿ ಬೀದರಿನಿಂದ ಚಾಮರಾಜನಗರ ದಾಟಲು ಎರಡು ನಿಮಿಷ ಕೂಡ ಬೇಡ. 2010ರಲ್ಲಿ ಜೋಡಿಸಿದ ಕ್ಯುಪೋಲಾ ಅನ್ನುವ ಗೂಡಿನಲ್ಲಿ ಏಳು ಕಿಟಕಿಗಳಿವೆ, ನಡುವಿನದ್ದು 80 ಸೆಂಟಿಮೀಟರ್ ಅಗಲ. ಅಲ್ಲಿ ತಲೆ ತೂರಿಸಿದರೆ ಎಲ್ಲ ದಿಕ್ಕಿಗೂ ಎರಡು ಸಾವಿರ ಕಿಲೋಮೀಟರಿನಾಚೆ ತನಕ ಕಾಣುತ್ತದೆ. ಮಳೆಮೋಡದೊಳಗೆ ಮಿಂಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವುದು, ರಾತ್ರಿ ಭೂಮಿಯ ಅಂಚಿಗೆ ವಾತಾವರಣದ ತೆಳು ಹಸಿರು ಹೊಳಪು, ಭಾರತ ಪಾಕಿಸ್ತಾನ ಗಡಿಯ ಕಿತ್ತಳೆ ದೀಪದ ಗೆರೆ. ಇವೆಲ್ಲಾ ಫೋಟೋದಲ್ಲಿ ನೋಡಿಯೇ ನನಗೆ ಹೊಟ್ಟೆಕಿಚ್ಚು ಬರುತ್ತದೆ.

ಈಗ ಕಷ್ಟದ ಕಡೆಗೆ ಬರೋಣ. ಮೇಲೆ ಹೋದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮೊದಲ ಎರಡು ಮೂರು ದಿನ ತಲೆಸುತ್ತು, ವಾಂತಿ ಬರುತ್ತದೆ. ಒಳಗಿವಿಗೆ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ. 1985ರಲ್ಲಿ ನಾಸಾದ ಗಗನನೌಕೆ ಶಟಲ್‌ನಲ್ಲಿ ಹೋದ ಅಮೆರಿಕದ ಸೆನೆಟರ್ ಜೇಕ್ ಗಾರ್ನ್‌ಗೆ ಅದು ಎಷ್ಟು ಜೋರಾಗಿ ಬಂತೆಂದರೆ, ಆಮೇಲೆ ಗಗನಯಾನಿಗಳು ತಮಾಷೆಗೆ ವಾಂತಿಯನ್ನು "ಗಾರ್ನ್" ಲೆಕ್ಕದಲ್ಲಿ ಅಳೆಯತೊಡಗಿದರು. ಚಾರ್ಮಾಡಿ ಘಾಟಿಯಲ್ಲಿ ನನಗೇನೂ ಆಗಲ್ಲ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ರಸ್ತೆಯಲ್ಲಿ ಗಟ್ಟಿಯಾಗಿರುವವರೂ ಅಲ್ಲಿ ಮಲಗಿಬಿಡುತ್ತಾರೆ. ರಕ್ತ, ನೀರು ತಲೆಯ ಕಡೆಗೆ ಏರಿ ಮುಖ ಊದುತ್ತದೆ, ಮೂಗು ಕಟ್ಟುತ್ತದೆ, ಊಟದ ರುಚಿ ಸರಿಯಾಗಿ ಗೊತ್ತಾಗುವುದಿಲ್ಲ. ಹತ್ತು ದಿನದ ಪ್ರವಾಸದಲ್ಲಿ ಮೂರು ದಿನ ಹೀಗೆ ಹೋದರೆ ಉಳಿದದ್ದೆಷ್ಟು, ನೀವೇ ಲೆಕ್ಕ ಹಾಕಿ.

ಸ್ನಾನ ಇಲ್ಲ. ಒದ್ದೆ ಟವೆಲ್‌ನಲ್ಲಿ ಒರೆಸಿಕೊಳ್ಳಬೇಕು. ಬಟ್ಟೆ ಒಗೆಯುವ ವ್ಯವಸ್ಥೆಯೂ ಇಲ್ಲ. ಗೋಡೆಗೆ ಕಟ್ಟಿದ ಚೀಲದಲ್ಲಿ ಮಲಗಬೇಕು, ಜೊತೆಗೆ ಗಾಳಿ ಆಡುತ್ತಲೇ ಇರಬೇಕು, ಇಲ್ಲದಿದ್ದರೆ ನಾವೇ ಬಿಟ್ಟ ಉಸಿರು ಮುಖದ ಸುತ್ತ ಗುಡ್ಡೆ ಕಟ್ಟುತ್ತದೆ. ಹಾಗಾಗಿ ಫ್ಯಾನಿನ ಸದ್ದು ಹಗಲೂ ರಾತ್ರಿ ತಪ್ಪಿದ್ದಲ್ಲ. ಶೌಚಾಲಯವೂ ಫ್ಯಾನಿನ ಸೆಳೆತದ ಮೇಲೆಯೇ ನಡೆಯುವಂಥದ್ದು. 2021ರ ಸೆಪ್ಟೆಂಬರಿನಲ್ಲಿ ನಾಲ್ಕು ಜನ ಸಾಮಾನ್ಯರು ಇನ್‌ಸ್ಪಿರೇಷನ್-4 ಅಂತ ಸ್ಪೇಸ್ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆಯಲ್ಲಿ ಮೂರು ದಿನ ಸುತ್ತಿಬಂದರಲ್ಲ, ಆಗ ಮೂತ್ರದ ಕೊಳವೆ ಕಳಚಿಕೊಂಡು ನೆಲದ ಕೆಳಗೆಲ್ಲ ಸೋರಿತ್ತು. ಅದೇ ನವೆಂಬರಿನಲ್ಲಿ ಇನ್ನೊಂದು ಡ್ರ್ಯಾಗನ್‌ನಲ್ಲಿ ಮರಳಿದ ಗಗನಯಾನಿಗಳು ಶೌಚಾಲಯ ಬಳಸುವ ಹಾಗಿಲ್ಲದೆ ಡೈಪರ್ ಕಟ್ಟಿಕೊಂಡು ಇಳಿದರು. ಇಷ್ಟೆಲ್ಲಾ ಹೇಳುವುದು ಹೆದರಿಸಲಿಕ್ಕಲ್ಲ. ಆದರೆ ಬ್ರೋಷರ್‌ನಲ್ಲಿ ಇದು ಇರುವುದಿಲ್ಲ, ಅಲ್ವಾ.

ಊಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮ ಗಗನಯಾನಿ ಶುಭಾಂಶು ಶುಕ್ಲಾ 2025ರಲ್ಲಿ ನಿಲ್ದಾಣಕ್ಕೆ ಕ್ಯಾರೆಟ್ ಹಲ್ವಾ ಒಯ್ದಿದ್ದರು, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸಿದರು (ಅದು ತಿನ್ನಲಿಕ್ಕಲ್ಲ, ಫ್ರೀಜರ್‌ಗೆ ಹೋಯಿತು). 2019ರ ಡಿಸೆಂಬರಿನಲ್ಲಿ ಹಿಲ್ಟನ್‌ನವರ ಡಬಲ್‌ಟ್ರೀ ಹೋಟೆಲಿನ ಕುಕಿಯನ್ನು ನಿಲ್ದಾಣದ ಪುಟ್ಟ ಓವನ್‌ನಲ್ಲಿ ಸುಟ್ಟು ನೋಡಿದರು. 25 ನಿಮಿಷಕ್ಕೆ ಬೇಯಲೇ ಇಲ್ಲ, ಎರಡು ಗಂಟೆ ಹಿಡಿಯಿತು. ಅಷ್ಟಾದ ಮೇಲೂ ಯಾರೂ ತಿನ್ನಲಿಲ್ಲ, ಪರೀಕ್ಷೆಗೆ ಕೆಳಗೆ ಕಳಿಸಿದರು.

ನಿಮ್ಮ ಚಿತ್ರದ ಚಕ್ರ ಇದೆಯಲ್ಲ, ಅದು ಈ ತಾಪತ್ರಯ ತಪ್ಪಿಸಲಿಕ್ಕೇ. ತಿರುಗಿಸಿದರೆ ಹೊರ ಅಂಚಿನಲ್ಲಿ ತೂಕ ಬಂದಂತಾಗುತ್ತದೆ. ಹಳೇ ಐಡಿಯಾ, ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ 1952ರಲ್ಲೇ ಇಂಥದ್ದು ಚಿತ್ರಿಸಿದ್ದರು. ಭೌತಶಾಸ್ತ್ರ ಸರಿಯೇ ಇದೆ, ತೊಡಕಿರುವುದು ಅಳತೆಯಲ್ಲಿ. ತುಂಬಾ ಜೋರಾಗಿ ತಿರುಗಿಸಿದರೆ ತಲೆ ತಿರುಗಿಸಿದಾಗೆಲ್ಲ ವಾಕರಿಕೆ ಬರುತ್ತದೆ, ಹಾಗಾಗಿ ನಿಮಿಷಕ್ಕೆ ಎರಡು ಸುತ್ತು ಅಂತ ಇಟ್ಟುಕೊಳ್ಳೋಣ. ಆಗ ಭೂಮಿಯಷ್ಟೇ ತೂಕ ಬೇಕೆಂದರೆ ಚಕ್ರದ ವ್ಯಾಸ 450 ಮೀಟರ್ ಇರಬೇಕು. ಚಂದ್ರನ ಮೇಲಿನಷ್ಟು ತೂಕ ಸಾಕು ಅಂದರೂ 70 ಮೀಟರ್ ದಾಟುತ್ತದೆ. ಈಗಿನ ನಿಲ್ದಾಣ ತುದಿಯಿಂದ ತುದಿಗೆ 109 ಮೀಟರ್, ಅದನ್ನು ಜೋಡಿಸಲು 1998ರಿಂದ 2011ರ ತನಕ 40ಕ್ಕೂ ಹೆಚ್ಚು ಹಾರಾಟ ಬೇಕಾಯಿತು, ಖರ್ಚು 100 ಬಿಲಿಯನ್ ಡಾಲರ್ ಮೀರಿತು, ಅದೂ ಹಲವು ದೇಶಗಳ ಸರ್ಕಾರ ಸೇರಿ ಮಾಡಿದ್ದು. ಇನ್ನೊಂದು, ಆಕಾಶ ನೋಡುವ ಹುಚ್ಚಿನ ನಮ್ಮಂಥವರು ಗಮನಿಸಬೇಕಾದದ್ದು: ಚಕ್ರ ನಿಮಿಷಕ್ಕೆ ಎರಡು ಸುತ್ತು ತಿರುಗಿದರೆ ಕಿಟಕಿಯಾಚೆ ಆಕಾಶವೂ ಅರ್ಧ ನಿಮಿಷಕ್ಕೊಮ್ಮೆ ಗಿರ್ರನೆ ಸುತ್ತುತ್ತದೆ. ಯಾವ ಕಿಟಕಿಗೋಸ್ಕರ ಹೋದಿರೋ ಅದೇ ಹೋಯಿತು.

ಖರ್ಚು. 2001ರಲ್ಲಿ ಅಮೆರಿಕದ ಉದ್ಯಮಿ ಡೆನಿಸ್ ಟಿಟೋ ರಷ್ಯಾದ ನೌಕೆ ಸೊಯೂಜ್‌ನಲ್ಲಿ ಹೋದಾಗ 20 ಮಿಲಿಯನ್ ಡಾಲರ್ ಅಂತ ಸುದ್ದಿಯಾಗಿತ್ತು. 2022ರಲ್ಲಿ, ಪ್ರವಾಸಿಗಳನ್ನು ನಿಲ್ದಾಣಕ್ಕೆ ಕರೆದೊಯ್ಯುವ ಆಕ್ಸಿಯಂ ಕಂಪನಿಯ ಮೊದಲ ಪ್ರವಾಸಕ್ಕೆ ಸೀಟಿಗೆ 55 ಮಿಲಿಯನ್, ಆಗಿನ ಲೆಕ್ಕದಲ್ಲಿ ನಾನೂರು ಕೋಟಿಗೂ ಜಾಸ್ತಿ. ಇಪ್ಪತ್ತು ವರ್ಷದಲ್ಲಿ ಇಳಿದಿಲ್ಲ, ಏರಿದೆ. ರಾಕೆಟ್ ಮರುಬಳಕೆ ಆಗುತ್ತಿದೆ, ಇನ್ನೇನು ಅಗ್ಗವಾಗುತ್ತದೆ ಅನ್ನುವವರು ಇದನ್ನು ನೋಡಬೇಕು. ತಮಾಷೆ ಏನೆಂದರೆ ಮೊದಲು ರೂಮಿನ ಬಾಡಿಗೆ ದೊಡ್ಡದಿರಲಿಲ್ಲ. 2019ರಲ್ಲಿ ನಾಸಾ ಹೇಳಿದ್ದು ರಾತ್ರಿಗೆ ಸುಮಾರು 35,000 ಡಾಲರ್, 2021ರಲ್ಲಿ ಅದನ್ನೂ ಏರಿಸಿತು. ಆದರೂ ಹೆಚ್ಚಿನ ದುಡ್ಡು ಹೋಗಿಬರುವ ಚಾರ್ಜಿಗೇ. ಹೋಟೆಲ್ ಕಟ್ಟುವವರು ಎಷ್ಟೇ ಅಗ್ಗಕ್ಕೆ ಕಟ್ಟಲಿ, ಮನುಷ್ಯರನ್ನು ಹೊತ್ತೊಯ್ಯುವ ನೌಕೆಯ ಸೀಟು ಇಳಿಯುವ ತನಕ ನಮ್ಮ ನಿಮ್ಮ ಮಾತು ದೂರ. ವಯಸ್ಸು ಮಾತ್ರ ಅಡ್ಡಿಯಲ್ಲ. ಟಿಟೋಗೆ ಆಗ 60, ಅಮೆರಿಕದ ಹಳೇ ಗಗನಯಾನಿ ಜಾನ್ ಗ್ಲೆನ್ 1998ರಲ್ಲಿ 77ನೇ ವಯಸ್ಸಿನಲ್ಲಿ ಶಟಲ್ ಹತ್ತಿದರು.

ದುಡ್ಡಿಗಿಂತ ನನಗೆ ದೊಡ್ಡದಾಗಿ ಕಾಣುವುದು ದಿನಗಳ ಲೆಕ್ಕ. ತರಬೇತಿಗೇ ತಿಂಗಳುಗಟ್ಟಲೆ ಬೇಕು. ಆಮೇಲೆ ಹೊರಡುವ ದಿನ ನಿಮ್ಮ ಕೈಯಲ್ಲಿಲ್ಲ. ಶುಕ್ಲಾ ಅವರ ತಂಡ ಮೇ 29ಕ್ಕೆ ಹೊರಡಬೇಕಿತ್ತು, ಹವಾಮಾನ, ರಾಕೆಟ್‌ನಲ್ಲಿ ಆಮ್ಲಜನಕ ಸೋರಿಕೆ, ನಿಲ್ದಾಣದಲ್ಲೇ ಇನ್ನೊಂದು ಸೋರಿಕೆ ಅಂತ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ಜೂನ್ 25ಕ್ಕೆ ಹಾರಿತು. ವಾಪಸ್ ಬರುವುದೂ ಹಾಗೆಯೇ. ಆಕ್ಸಿಯಂನ ಆ ಮೊದಲ ಪ್ರವಾಸ ಹತ್ತು ದಿನದ್ದು, ಇಳಿಯುವ ಕಡೆ ಹವಾಮಾನ ಸರಿಯಿಲ್ಲದೆ 17 ದಿನವಾಯಿತು. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಕತೆ ಎಲ್ಲರಿಗೂ ಗೊತ್ತು, 2024ರ ಜೂನ್‌ನಲ್ಲಿ ಎಂಟು ದಿನಕ್ಕೆಂದು ಹೋದವರು ಮರಳಿದ್ದು 2025ರ ಮಾರ್ಚ್‌ನಲ್ಲಿ. ಅವರಿಗೆ ಅದು ಕೆಲಸ. ರಜೆ ಹಾಕಿ ಹೋದವರಿಗೆ ಹೀಗಾದರೆ ಮನೆ, ಮದ್ದು ಮಾತ್ರೆ, ಬ್ಯಾಂಕಿನ ಕಂತು ಯಾರು ನೋಡುತ್ತಾರೆ?

ಅಡ್ವಾನ್ಸ್ ಕೊಡುವ ಯೋಚನೆ ಯಾರಿಗಾದರೂ ಇದ್ದರೆ ಹಳೇ ಕತೆ ನೋಡಿ. ರಾಬರ್ಟ್ ಬಿಗೆಲೋ ಅಮೆರಿಕದಲ್ಲಿ ನಿಜವಾಗಿಯೂ ಹೋಟೆಲ್ ವ್ಯಾಪಾರದಲ್ಲಿ ಗೆದ್ದ ಮನುಷ್ಯ. ಊದಿ ಹಿಗ್ಗಿಸುವ ಕೋಣೆಗಳನ್ನು ಮಾಡಿ 2006, 2007ರಲ್ಲಿ ಎರಡನ್ನು ಹಾರಿಸಿದರು, 2016ರಲ್ಲಿ ಒಂದು ನಿಲ್ದಾಣಕ್ಕೇ ಜೋಡಣೆಯಾಯಿತು, ಈಗ ಅದು ಸಾಮಾನು ಇಡುವ ಕೋಣೆ. ಇಷ್ಟು ಮಾಡಿದ ಕಂಪನಿಯೂ 2020ರ ಮಾರ್ಚ್‌ನಲ್ಲಿ ಎಲ್ಲ ನೌಕರರನ್ನು ಮನೆಗೆ ಕಳಿಸಿತು. ಒರಾಯನ್ ಸ್ಪ್ಯಾನ್ ಅನ್ನುವ ಇನ್ನೊಂದು ಕಂಪನಿ 2018ರಲ್ಲಿ 12 ದಿನಕ್ಕೆ 9.5 ಮಿಲಿಯನ್ ಡಾಲರ್ ಅಂತ ಬುಕಿಂಗ್ ಶುರುಮಾಡಿ, ಏನೂ ಹಾರಿಸದೆ 2021ರಲ್ಲಿ ಬಾಗಿಲು ಹಾಕಿತು. ಈಗಿನವರಲ್ಲಿ ವಾಸ್ಟ್ ಕಂಪನಿಯ ಹೇವನ್-1 ನಿಲ್ದಾಣ ಹೆಚ್ಚು ನಂಬುವ ಹಾಗಿದೆ, ಯಾಕೆಂದರೆ ಅದು ಚಿಕ್ಕದು, ಒಂದೇ ರಾಕೆಟ್‌ನಲ್ಲಿ ಹೋಗುವಂಥದ್ದು. ಆದರೆ ನಾಲ್ಕು ಜನರಿಗೆ ಒಳಗೆ ಸಿಗುವುದು ಸುಮಾರು 45 ಘನ ಮೀಟರ್, ಹೆಚ್ಚುಕಮ್ಮಿ 12 ಅಡಿ, 13 ಅಡಿಯ ಒಂದು ರೂಮು. ಅದರ ಹಾರಾಟದ ದಿನವೂ ಮುಂದಕ್ಕೆ ಹೋಗಿದೆ. ಈಗಿನ ದೊಡ್ಡ ನಿಲ್ದಾಣವನ್ನು 2030ರ ನಂತರ ಸಮುದ್ರಕ್ಕೆ ಬೀಳಿಸುವ ತಯಾರಿ ನಡೆದಿದೆ, ಆಮೇಲೆ ಹೋಗಲು ಜಾಗ ಇಂಥ ಚಿಕ್ಕವೇ.

ಇನ್ನು ಟೆಲಿಸ್ಕೋಪ್. ಡಾಬ್ಸೋನಿಯನ್ ಅಂತೂ ಬೇಡವೇ ಬೇಡ. ಅದು ತನ್ನ ಭಾರಕ್ಕೇ ಸ್ಟ್ಯಾಂಡ್ ಮೇಲೆ ಕೂರುವಂಥದ್ದು, ಅಲ್ಲಿ ಮುಟ್ಟಿದರೆ ತೇಲಿಹೋಗುತ್ತದೆ. ಜೊತೆಗೆ ನಿಲ್ದಾಣ ಯಾವಾಗಲೂ ಒಂದೇ ಮೈಯನ್ನು ಭೂಮಿಗೆ ತೋರಿಸುತ್ತಾ ಸುತ್ತುವುದರಿಂದ, ನಮ್ಮಲ್ಲಿ ಗಂಟೆಗೆ 15 ಡಿಗ್ರಿ ಸರಿಯುವ ನಕ್ಷತ್ರ ಅಲ್ಲಿ ನಿಮಿಷಕ್ಕೆ ಹತ್ತಿರಹತ್ತಿರ 4 ಡಿಗ್ರಿ ಸರಿಯುತ್ತದೆ. ಕತ್ತಲೆ ಸಿಗುವುದೂ ಒಂದು ಸುತ್ತಿಗೆ ಮುಕ್ಕಾಲು ಗಂಟೆಯೊಳಗೆ. ನಾಸಾದ ಗಗನಯಾನಿ ಡಾನ್ ಪೆಟಿಟ್ ಇದಕ್ಕೊಂದು ದಾರಿ ಹುಡುಕಿದರು. 2024ರಲ್ಲಿ ಹೋಗುವಾಗ ನಿಲ್ದಾಣದ ವೇಗಕ್ಕೆ ಸರಿಯಾಗಿ, ಅಂದರೆ ಒಂದೂವರೆ ಗಂಟೆಗೆ ಒಂದು ಸುತ್ತು ತಿರುಗುವ ಟ್ರ್ಯಾಕರ್ (ಕ್ಯಾಮರಾವನ್ನು ನಕ್ಷತ್ರದ ಕಡೆಗೇ ಹಿಡಿದಿಡುವ ಸ್ಟ್ಯಾಂಡ್) ತಾವೇ ಮಾಡಿಸಿ ಒಯ್ದು, ಕಿಟಕಿಯಿಂದ ಆಕಾಶಗಂಗೆ ಮತ್ತು ಅದರ ನೆರೆಯ ಪುಟ್ಟ ಗ್ಯಾಲಕ್ಸಿಗಳಾದ ಮೆಗೆಲನ್ ಮೋಡಗಳ ಚುಕ್ಕೆ ಚುಕ್ಕೆಯಾದ ಫೋಟೋ ತೆಗೆದರು. ಅವರು ಮರಳಿದ ದಿನವೇ ಅವರ 70ನೇ ಹುಟ್ಟುಹಬ್ಬ. ಹಾಗಾಗಿ ಎಂಟು ಇಂಚಿನದ್ದಕ್ಕಿಂತ ಒಂದು ಅಗಲ ನೋಟದ, ಜಾಸ್ತಿ ಬೆಳಕು ಹಿಡಿಯುವ ಲೆನ್ಸು ಮತ್ತು ಅಂಥ ಟ್ರ್ಯಾಕರ್ ಇದ್ದರೆ ಸಾಕು. ಟ್ರ್ಯಾಕರನ್ನು ಈಗಲೇ ಮಾಡಿ ನೋಡುವುದಾದರೆ ಗೇರ್ ಲೆಕ್ಕಕ್ಕೆ ನಾನು ಜೊತೆಗಿರುತ್ತೇನೆ.