ಏಪ್ರಿಲ್‌ನಲ್ಲಿ ಎದೆಯೆತ್ತರದ ಹುಲ್ಲು ಎಲ್ಲಿತ್ತು?

ನಮಸ್ಕಾರ.

ನಿಮ್ಮ ‘ಪ್ರೇರಿಯ ಮಡಿಲಲ್ಲಿ ಒಂದು ವಸಂತ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಐದನೇ ಪುಟದಲ್ಲಿದೆ, ಆಮೇಲೆ ಹೇಳುತ್ತೇನೆ.

ಮೊದಲು ತಕರಾರು. ಬೀರೂರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಕಾನ್ಸಾಸ್‌ನ ಟಾಲ್‌ಗ್ರಾಸ್ ಪ್ರೇರಿ (ಎತ್ತರ ಹುಲ್ಲಿನ ಬಯಲು) ರಾಷ್ಟ್ರೀಯ ಸಂರಕ್ಷಿತ ಪ್ರದೇಶಕ್ಕೆ ಹೋಗಿದ್ದೀರಿ. ಮೂರನೇ ಪುಟದಲ್ಲಿ ‘ಎದೆಯೆತ್ತರದ ಹುಲ್ಲು ಹಸಿರು ಕಡಲಿನಂತೆ ತೂಗುತ್ತಿತ್ತು’ ಅಂತ ಬರೆದಿದ್ದೀರಿ. ಏಪ್ರಿಲ್‌ನಲ್ಲಾ? ಅಲ್ಲಿಯ ಬಿಗ್ ಬ್ಲೂಸ್ಟೆಮ್ ಹುಲ್ಲು ಆಳೆತ್ತರ ಆಗುವುದು ಸೆಪ್ಟೆಂಬರ್ ಹೊತ್ತಿಗೆ. ಏಪ್ರಿಲ್‌ನಲ್ಲಿ ಅದು ನಿಮ್ಮ ಶೂ ಮುಚ್ಚಿದರೆ ಹೆಚ್ಚು. ನೀವು ಕಣ್ಣಾರೆ ಕಂಡದ್ದನ್ನು ಬಿಟ್ಟು, ಪೋಸ್ಟರ್‌ನಲ್ಲಿ ನೋಡಿದ್ದನ್ನು ಬರೆದಿದ್ದೀರಿ.

ಅದೇ ಪುಟದಲ್ಲಿ ಕೋಗಿಲೆ ಬೇರೆ ಕೂಗಿದೆ. ನಮ್ಮ ಕೋಗಿಲೆ ಅಮೆರಿಕದಲ್ಲಿ ಇಲ್ಲ. ವಸಂತ ಅಂದ ಕೂಡಲೇ ಕನ್ನಡದವರ ಕೈ ತಾನಾಗಿಯೇ ಮಾವಿನ ಚಿಗುರು, ಕೋಗಿಲೆ ಅಂತ ಬರೆದುಬಿಡುತ್ತದೆ. ನನ್ನದೂ ಅದೇ ಕಥೆ, ಬಿಡಿ. ಆದರೆ ‘ಬೇಲಿಕಂಬದ ಮೇಲೆ ಕೂತ ಹಳದಿ ಎದೆಯ ಹಕ್ಕಿ’ ಅಂತ ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ. ಅದು ಮೆಡೋಲಾರ್ಕ್ ಇರಬೇಕು. ಎದೆಯ ಮೇಲೆ ಕಪ್ಪು ಪಟ್ಟೆ ಇತ್ತಾ, ನೆನಪು ಮಾಡಿಕೊಳ್ಳಿ. ಕೂಗಿದ್ದು ಅದೇ, ಕೋಗಿಲೆಯಲ್ಲ.

ಇನ್ನೊಂದು: ಬೈಸನ್‌ಗೆ ಉದ್ದಕ್ಕೂ ‘ಕಾಡುಕೋಣ’ ಅಂದಿದ್ದೀರಿ. ನಮ್ಮ ಕಾಡುಕೋಣ, ಅಂದರೆ ಮಲೆನಾಡಿನ ಕಾಟಿ, ಬೇರೆಯೇ ಪ್ರಾಣಿ. ಇಲ್ಲಿ ಅದಕ್ಕೂ ಇಂಗ್ಲಿಷಿನಲ್ಲಿ ಬೈಸನ್ ಅನ್ನುವುದರಿಂದ ಈ ಗೊಂದಲ. ಅಲ್ಲಿಯದನ್ನು ಬೈಸನ್ ಅಂತಲೇ ಬರೆಯಿರಿ. ‘ಮುದ್ದಾದ ಕರು’ ಅಂದರೆ ನನಗೇನೂ ಕಾಣಿಸುವುದಿಲ್ಲ. ಬಣ್ಣ ಯಾವುದಿತ್ತು? ಹುಟ್ಟಿದಾಗ ಬೈಸನ್ ಕರು ಕಿತ್ತಳೆಗೆಂಪು ಇರುತ್ತದೆ, ಕೆಲವು ತಿಂಗಳ ಮೇಲೆ ಕಂದಾಗುತ್ತದೆ. ದೊಡ್ಡ ಕಪ್ಪು ಮೈಯ ಪಕ್ಕದಲ್ಲಿ ಅಂಥ ಕೆಂಪು ಕರು ನಿಂತಿದ್ದು ನೋಡಿಯೂ ‘ಮುದ್ದಾದ’ ಅಂತ ಮುಗಿಸಿದಿರಲ್ಲ! ಅಲ್ಲಿ ಬೈಸನ್ ಇರುವುದೇ 2009ರಿಂದ, ಬೇರೆ ಕಡೆಯಿಂದ ತಂದು ಬಿಟ್ಟ ಮೇಲೆ. ಇದನ್ನೂ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಈಗ ನನಗೆ ನಿಜವಾಗಿ ಬೇಜಾರಾದ ಜಾಗ. ‘ಯಾರೋ ಕಿಡಿಗೇಡಿಗಳು ಗುಡ್ಡಕ್ಕೆ ಬೆಂಕಿ ಹಚ್ಚಿದ್ದರು. ಮನಸ್ಸಿಗೆ ನೋವಾಯಿತು’ ಅಂತ ಎರಡೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಕಿಡಿಗೇಡಿಗಳಲ್ಲ ಸ್ವಾಮಿ, ಅದನ್ನು ನೋಡಿಕೊಳ್ಳುವವರೇ ಹಚ್ಚಿದ್ದು. ಪ್ರತಿ ವಸಂತದಲ್ಲೂ ಒಂದೊಂದು ಭಾಗ ಸುಡುತ್ತಾರೆ. ಸುಡದೆ ಬಿಟ್ಟರೆ ಸೀಡರ್ ಗಿಡ ಎದ್ದು, ಕೆಲವು ವರ್ಷಗಳಲ್ಲಿ ಹುಲ್ಲುಗಾವಲು ಹೋಗಿ ಪೊದೆಗಾಡು ಆಗುತ್ತದೆ. ಹುಲ್ಲಿಗೆ ಏನೂ ಆಗುವುದಿಲ್ಲ, ಅದರ ಮೊಳಕೆ ಇರುವುದು ಮಣ್ಣಿನ ಮಟ್ಟದಲ್ಲಿ, ಕೆಳಗೆ. ಬೇರಂತೂ ಎರಡಾಳು ಆಳಕ್ಕೆ ಇಳಿದಿರುತ್ತದೆ. ಹಳೆಯ ಒಣಹುಲ್ಲು ಹೋಗಿ, ಕರಿ ನೆಲ ಬಿಸಿಲಿಗೆ ಬೇಗ ಕಾದು, ವಾರ ಎರಡು ವಾರಕ್ಕೆಲ್ಲ ಎಳೆ ಚಿಗುರು. ಬೈಸನ್ ಹಿಂಡು ಬರುವುದೂ ಆ ಚಿಗುರಿಗೇ. ನೀವು ಕರು ನೋಡಿದ್ದು ಆ ‘ನೋವಾದ’ ಗುಡ್ಡದಲ್ಲೇ ಅಲ್ವಾ? ಒಂದಕ್ಕೊಂದು ಸಂಬಂಧ ಇದ್ದದ್ದು ನಿಮಗೆ ಹೊಳೆಯಲೇ ಇಲ್ಲ.

ಇದು ಗೊತ್ತಿದ್ದರೆ ‘ಮನುಷ್ಯರ ಕೈ ತಾಕದ ನೆಲ’ ಅಂತಲೂ ಬರೆಯುತ್ತಿರಲಿಲ್ಲ. ಬಿಳಿಯರು ಬರುವ ಮೊದಲು ಕಾ, ಓಸೇಜ್ ಎಂಬ ಮೂಲನಿವಾಸಿ ಜನ ಅಲ್ಲಿ ಬೆಂಕಿ ಹಾಕುತ್ತಿದ್ದರು. ಕಾನ್ಸಾಸ್ ಅನ್ನುವ ಹೆಸರೇ ಕಾ ಜನರಿಂದ ಬಂದದ್ದು. 1873ರಲ್ಲಿ ಅವರನ್ನು ಅಲ್ಲಿಂದಲೇ ಸಾಗಹಾಕಿದರು. ಆಮೇಲೆ ದನ ಮೇಯಿಸುವವರು ಬಂದರು. 17 ಕೋಟಿ ಎಕರೆ ಇದ್ದ ಎತ್ತರ ಹುಲ್ಲಿನ ಪ್ರೇರಿಯಲ್ಲಿ ಇವತ್ತು ನೂರಕ್ಕೆ ನಾಲ್ಕು ಪಾಲೂ ಇಲ್ಲ. ನೀವು ಹೋದ ಜಾಗ ಇರುವ ಫ್ಲಿಂಟ್ ಹಿಲ್ಸ್ ಗುಡ್ಡಸಾಲಿನಲ್ಲಿ ಮಾತ್ರ ಇಷ್ಟು ಉಳಿದದ್ದು ಯಾರ ಪುಣ್ಯದಿಂದಲೂ ಅಲ್ಲ. ಫ್ಲಿಂಟ್ ಅಂದರೆ ಚಕಮಕಿ ಕಲ್ಲು. ಮಣ್ಣು ತೆಳು, ಕೆಳಗೆಲ್ಲ ಕಲ್ಲು, ನೇಗಿಲು ಇಳಿಯಲಿಲ್ಲ. ನೀವು ನೋಡಿದ ಸುಮಾರು 10,900 ಎಕರೆಯ ಜಾಗಕ್ಕೆ ಸರ್ಕಾರದ ರಕ್ಷಣೆ ಸಿಕ್ಕಿದ್ದು 1996ರಲ್ಲಿ.

ಇನ್ನು ಐದನೇ ಪುಟ. ಅಲ್ಲಿ ಕಂಸದೊಳಗೆ ಹೀಗಿದೆ: ‘(ಅಮ್ಮ ಬಗ್ಗಿ ಬೂದಿ ಮುಟ್ಟಿ ನೋಡಿ, ನಮ್ಮ ಕಾವಲಲ್ಲೂ ಹಿಂಗೇ ಸುಡ್ತಿದ್ರು ಕಣೋ ಅಂದರು. ಮನೆಗೆ ಬಂದು ಶೂ ತೊಳೆದರೆ ನೀರೆಲ್ಲ ಕಪ್ಪು.)’

ಇದನ್ನು ಯಾಕೆ ಕಂಸದೊಳಗೆ ಹಾಕಿದಿರಿ? ಆರು ಪುಟದಲ್ಲಿ ಬೇರೆ ಯಾರೂ ಬರೆಯಲಾಗದ ಸಾಲು ಇದೊಂದೇ. ನೀವು ‘ಹುಲ್ಲಿನ ಮೈದಾನ’, ‘ವಿಶಾಲ ಬಯಲು’ ಅಂತ ಪದ ಹುಡುಕುತ್ತಾ ಇದ್ದಿರಿ, ಅಮ್ಮ ಸರಿಯಾದ ಪದ ಕೈಗಿಟ್ಟರು. ಕಾವಲು. ಮೇವಿಗೆಂದು ಕಾದಿಟ್ಟ ಹುಲ್ಲುಗಾವಲು. ಮೈಸೂರು ಅರಸರ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ಗೆ ಟಿಪ್ಪು ‘ಅಮೃತ ಮಹಲ್’ ಅಂತ ಹೆಸರಿಟ್ಟ. ಆ ದನಗಳಿಗೆ ಬಿಟ್ಟ ಕಾವಲುಗಳು ಚಿಕ್ಕಮಗಳೂರು, ಹಾಸನ, ಚಿತ್ರದುರ್ಗ, ತುಮಕೂರು ಕಡೆ ಇದ್ದವು. ಈಗ ಅರಣ್ಯ, ಸಾಗುವಳಿ, ಕಟ್ಟಡ ಅಂತ ಎಷ್ಟೋ ಹೋಗಿವೆ. ನಿಮ್ಮ ಲೇಖನದಲ್ಲಿ ನೀವು ಕಾಣದ್ದನ್ನು ಕಂಡವರು ಅಮ್ಮ. ಅವರಿಗೆ ಬೆಂಕಿ ನೋಡಿ ನೋವಾಗಲಿಲ್ಲ, ಗುರುತು ಸಿಕ್ಕಿತು.

ಹಾಗಾಗಿ ಬಾಡಿಗೆ ಕಾರು, ದಾರಿ ತಪ್ಪಿದ್ದು, ಡಬ್ಬಿಯ ಇಡ್ಲಿ, ಎಲ್ಲ ತೆಗೆಯಿರಿ. 1882ರ ಒಂದೇ ಕೋಣೆಯ ಕಲ್ಲಿನ ಶಾಲೆಗೆ ಒಂದು ಪುಟ ಜಾಸ್ತಿ, ಎರಡು ಸಾಲು ಸಾಕು. ಕೊನೆಯ ‘ಪ್ರಕೃತಿಯನ್ನು ಉಳಿಸೋಣ ಬನ್ನಿ’ಯನ್ನು ನಾನೇ ಹೊಡೆದುಹಾಕಿದ್ದೇನೆ. ಕಪ್ಪು ನೀರಿನಿಂದ ಶುರು ಮಾಡಿ.

ಅಮ್ಮ ಇನ್ನೂ ನಿಮ್ಮ ಜೊತೆಯಲ್ಲೇ ಇದ್ದರೆ ಕೂರಿಸಿಕೊಂಡು ಕೇಳಿ. ಬೀರೂರು ಕಡೆಯ ಕಾವಲಿಗೆ ಯಾರು ಬೆಂಕಿ ಹಾಕುತ್ತಿದ್ದರು, ಯಾವ ತಿಂಗಳು, ಮೊದಲ ಮಳೆಗೆ ಯಾವ ಹುಲ್ಲು ಏಳುತ್ತಿತ್ತು, ಆ ಹುಲ್ಲಿಗೆ ಏನನ್ನುತ್ತಿದ್ದರು. ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಸಾವಿರ ಪದದೊಳಗೆ ಬರಲಿ. ಕರುವಿನ ಫೋಟೊ ಇದ್ದರೆ ಅದನ್ನೂ ಕಳಿಸಿ, ಬಣ್ಣ ನೋಡಬೇಕು.