ತೀರ್ಥಹಳ್ಳಿಯ ತೀರ್ಥ ಯಾವುದು?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ಎಳ್ಳಮಾವಾಸ್ಯೆ ಜಾತ್ರೆಗೆ ಬಂದಿದ್ದಳು. ದೇವಸ್ಥಾನದಲ್ಲಿ ಕೊಡುವ ನೀರು ತೀರ್ಥ, ಊರು ತೀರ್ಥಹಳ್ಳಿ, ಸ್ವಾಮಿಗಳ ಹೆಸರಿನ ಕೊನೆಗೂ ತೀರ್ಥ. ಸಾಲದ್ದಕ್ಕೆ ನಾನು ಹಿಂದೆ ಅಪ್ಪನಿಗೆ ಬರೆದ ಕಾಗದದಲ್ಲಿ 'ತೀರ್ಥರೂಪು' ಅಂತ ಬೇರೆ ಇದೆ. 'ಅಜ್ಜ, ಇದೆಲ್ಲ ಒಂದೇ ತೀರ್ಥವಾ?' ಅಂದಳು. ಏನು ಹೇಳಲಿ?

ಉತ್ತರ: ಒಂದೇ ಅಂತ ಧೈರ್ಯವಾಗಿ ಹೇಳಿ. ಆದರೆ ದೇವಸ್ಥಾನದ ನೀರಿನಿಂದ ಶುರು ಮಾಡಬೇಡಿ, ಹೊಳೆ ದಾಟುವುದರಿಂದ ಶುರು ಮಾಡಿ.

ಸಂಸ್ಕೃತದಲ್ಲಿ 'ತೄ' ಅಂತ ಒಂದು ಧಾತು ಇದೆ. ದಾಟು ಅಂತ ಅದರ ಅರ್ಥ. ತೀರ್ಥ ಹುಟ್ಟಿದ್ದು ಅದರಿಂದ. ಋಗ್ವೇದದಲ್ಲಿ ಇದು ಸಾದಾ ಮಾತು. ಹೊಳೆಯಲ್ಲಿ ನೀರು ಕಡಿಮೆ ಇರುವ, ಇಳಿದು ಆಚೆ ದಡಕ್ಕೆ ಹೋಗಬಹುದಾದ ಜಾಗ, ಅಷ್ಟೇ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ಸಂಕ (ದಾಟಲು ಹಾಕಿದ ಮರದ ಕಾಲುಸೇತುವೆ) ಎಲ್ಲಿದೆ ಅಂತ ಗೊತ್ತಿದ್ದವನೇ ಕತ್ತಲೆಯೊಳಗೆ ಮನೆ ಸೇರುವುದು. ನಿಮ್ಮೂರಿನ ತುಂಗೆಗೆ ಅಡ್ಡಲಾಗಿ ಕಲ್ಲುಸಾರ, ಅಂದರೆ ಕಾಲಿಟ್ಟು ದಾಟುವ ಬಂಡೆಗಳ ಸಾಲು, ಇದೆಯಲ್ಲ, ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಮೊಮ್ಮಗಳನ್ನು ಅಲ್ಲಿಗೆ ಕರಕೊಂಡು ಹೋಗಿ. ವೇದದ ಕಾಲದವರು ತೀರ್ಥ ಅಂದದ್ದು ಇಂಥದ್ದಕ್ಕೇ ಅನ್ನಿ. ಯಾವ ನಿಘಂಟೂ ಇದಕ್ಕಿಂತ ಚೆನ್ನಾಗಿ ಹೇಳುವುದಿಲ್ಲ.

ದಾಟುವ ಕಡೆ ಜನ ನಿಲ್ಲುತ್ತಾರೆ, ಮೀಯುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಆಚೆ ದಡ ಸೇರಿಸಪ್ಪಾ ಅಂತ ಕೈ ಮುಗಿಯುತ್ತಾರೆ. ಅಲ್ಲೊಂದು ಗುಡಿ ಏಳುತ್ತದೆ. ಹೊಳೆ ದಾಟಿಸುವ ಜಾಗ ಪಾಪ ದಾಟಿಸುವ ಜಾಗವಾಗಿದ್ದು ಹೀಗೇ ಇರಬೇಕು ಅನ್ನುವುದು ನನ್ನ ಲೆಕ್ಕ. ನಿಮ್ಮೂರಿನ ಕಥೆಯನ್ನೇ ನೋಡಿ. ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗಲಿಲ್ಲವಂತೆ, ಇಲ್ಲಿ ತುಂಗೆಯಲ್ಲಿ ಹೋಯಿತಂತೆ. ಊರಿಗೆ ಹೆಸರು ಬಂದದ್ದೂ ಅದರಿಂದ, ಜಾತ್ರೆಯ ದಿನ ಸಾವಿರಾರು ಜನ ಮುಳುಗೇಳುವುದೂ ಅದಕ್ಕೇ. (ಮಿಂದವರು ಹಳೇ ಬಟ್ಟೆಯನ್ನು ಹೊಳೆಗೇ ಬಿಟ್ಟು ಬರುತ್ತಾರಲ್ಲ, ಅದು ಯಾವ ಶಾಸ್ತ್ರವೋ ನನಗಂತೂ ಅರ್ಥವಾಗಿಲ್ಲ. 'ಗಂಗಾ ಸ್ನಾನ, ತುಂಗಾ ಪಾನ' ಅಂತ ಹಿರಿಯರು ಹೇಳಿದ್ದು ಕುಡಿಯುವ ನೀರಿನ ಬಗ್ಗೆ!)

ಅರ್ಚಕರು ಅಂಗೈಗೆ ಹಾಕುವ ತೀರ್ಥ ಆಮೇಲೆ ಬಂದ ಅರ್ಥ. ದೇವರಿಗೆ ಅಭಿಷೇಕ ಮಾಡಿದ ನೀರು, ತುಳಸಿ, ಪಚ್ಚಕರ್ಪೂರ. ಇದು ಜಾಸ್ತಿ ಬಳಕೆಯಾಗಿ ಉಳಿದ ಅರ್ಥಗಳನ್ನೆಲ್ಲ ಮುಚ್ಚಿಬಿಟ್ಟಿದೆ. 'ಶಂಖದಿಂದ ಬಂದರೇ ತೀರ್ಥ' ಅಂತ ಗಾದೆಯೂ ಆಯಿತು. ಸಂಜೆ ಮೇಲೆ ಗೆಳೆಯರು ಗುಟ್ಟಾಗಿ 'ತೀರ್ಥ' ತಗೊಳ್ಳೋಣ ಅನ್ನುವುದೂ ಇದೇ ಅರ್ಥದ ಬಾಲ. ಇದನ್ನು ಮೊಮ್ಮಗಳಿಗೆ ಹೇಳದಿದ್ದರೂ ನಡೆಯುತ್ತದೆ.

ಇನ್ನು ಅಪ್ಪ ಯಾಕೆ ತೀರ್ಥರೂಪ? ಅಮರಕೋಶ ತೀರ್ಥಕ್ಕೆ ನಾಲ್ಕು ಅರ್ಥ ಕೊಡುತ್ತದೆ. ನೀರಿನ ತಾಣ, ಶಾಸ್ತ್ರ, ಋಷಿಗಳು ಮೀಯುವ ನೀರು, ಗುರು. ಗುರುವೂ ತೀರ್ಥ ಅನ್ನುವುದನ್ನು ಗಮನಿಸಿ. ದಾಟಿಸುವವನು ಅವನು, ಅಲ್ವಾ? ಒಬ್ಬರೇ ಗುರುವಿನ ಹತ್ತಿರ ಓದಿದವರು 'ಸತೀರ್ಥ'ರು. ಅಂದರೆ ಒಂದೇ ಕಡೆ ಹೊಳೆಗೆ ಇಳಿದವರು. ಕೈ ಹಿಡಿದು ಮೊದಲು ದಾಟಿಸಿದವರು ಅಪ್ಪ ತಾನೇ? ಕಾಗದದಲ್ಲಿ ಅವರಿಗೆ ತೀರ್ಥರೂಪು ಅಂತ ಬರೆದದ್ದು ಸರಿಯಾಗಿಯೇ ಇದೆ. ಮೊಮ್ಮಗಳ ಅಂಕಪಟ್ಟಿಯಲ್ಲಿ ಬರುವ 'ಉತ್ತೀರ್ಣ' ಕೂಡ ಇದೇ ಧಾತುವಿನದು. ದಾಟಿ ದಡ ಹತ್ತಿದವಳು ಅಂತ. ಇದನ್ನು ಹೇಳಿದರೆ ಅವಳು ಮರೆಯುವುದಿಲ್ಲ.

ಸ್ವಾಮಿಗಳ ಹೆಸರಿನದು ಸ್ವಲ್ಪ ಬೇರೆ ದಾರಿ. ಶಂಕರರ ಪರಂಪರೆಯ ದಶನಾಮಿ ಸನ್ಯಾಸಿಗಳ ಹತ್ತು ಹೆಸರುಗಳಲ್ಲಿ ತೀರ್ಥ ಒಂದು. 'ತತ್', 'ತ್ವಮ್', 'ಅಸಿ' (ಅದು ನೀನೇ ಆಗಿದ್ದೀಯೆ ಅನ್ನುವ ಉಪನಿಷತ್ತಿನ ಮಾತು) ಈ ಮೂರು ಮಾತಿನ ತ್ರಿವೇಣಿಯಲ್ಲಿ ಮಿಂದವನು ತೀರ್ಥ ಅಂತ ಅದಕ್ಕೆ ವಿವರಣೆ. ಶೃಂಗೇರಿಯ ಭಾರತೀತೀರ್ಥರ ಹೆಸರಿನಲ್ಲಿ ಇರುವುದು ಅದು. ಮಧ್ವಾಚಾರ್ಯರಿಗೂ ಆನಂದತೀರ್ಥ ಅಂತ ಹೆಸರು, ಅವರ ಪರಂಪರೆಯ ಯತಿಗಳೂ ತೀರ್ಥರೇ. ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ ಹೋದರೆ ಜೈನರ ತೀರ್ಥಂಕರರು ಸಿಗುತ್ತಾರೆ. ತೀರ್ಥಂಕರ ಅಂದರೆ ದಾಟುವ ಜಾಗ ಮಾಡಿಕೊಟ್ಟವನು. ಮೂಲ ಅರ್ಥ ಸ್ವಲ್ಪವೂ ಮಾಸದೆ ಉಳಿದಿರುವುದು ಈ ಪದದಲ್ಲೇ ಅನ್ನಿಸುತ್ತದೆ ನನಗೆ.

ಕೈಯಲ್ಲೂ ತೀರ್ಥಗಳಿವೆ. ಬೆರಳ ತುದಿ ದೇವತೀರ್ಥ, ಹೆಬ್ಬೆರಳ ಬುಡ ಬ್ರಹ್ಮತೀರ್ಥ. ತರ್ಪಣ ಬಿಡುವಾಗ ಹೆಬ್ಬೆರಳು, ತೋರುಬೆರಳಿನ ನಡುವೆ ನೀರು ಬಿಡಿ ಅನ್ನುತ್ತಾರಲ್ಲ, ಅದು ಪಿತೃತೀರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಂತೂ ರಾಜನ 18 ದೊಡ್ಡ ಅಧಿಕಾರಿಗಳಿಗೂ ತೀರ್ಥ ಅಂತಲೇ ಹೆಸರು. ಅದು ಸದ್ಯಕ್ಕೆ ಬೇಡ.

ಹಾಗಾದರೆ ಮುಳುಗಿದರೆ ಸಾಕಾ ಅಂತ ಅವಳು ಕೇಳಿಯೇ ಕೇಳುತ್ತಾಳೆ. ಸ್ಕಂದ ಪುರಾಣದ ಕಾಶೀಖಂಡದಲ್ಲಿ ಅದಕ್ಕೆ ಉತ್ತರ ಇದೆ. ಸತ್ಯ ತೀರ್ಥ, ಕ್ಷಮೆ ತೀರ್ಥ, ದಯೆ ತೀರ್ಥ ಅಂತ ಪಟ್ಟಿ ಕೊಟ್ಟು, ನೀರಲ್ಲೇ ಹುಟ್ಟಿ ನೀರಲ್ಲೇ ಸಾಯುವ ಪ್ರಾಣಿಗಳು ಸ್ವರ್ಗಕ್ಕೆ ಹೋಗುವುದಿಲ್ಲವಲ್ಲ ಅಂತ ಕೇಳುತ್ತದೆ ಅದು. ಶೃಂಗೇರಿ ಮಠದ ಮೆಟ್ಟಿಲಲ್ಲಿ ಕೂತು ತುಂಗೆಯ ಮೀನು ನೋಡುತ್ತಾ ಇದನ್ನು ಹೇಳಿ, ಚೆನ್ನಾಗಿ ತಲೆಗೆ ಹೋಗುತ್ತದೆ.

ಪ್ರಶ್ನೆ: ಶರಾವತಿ ಹುಟ್ಟುವ ಅಂಬುತೀರ್ಥದ 'ಅಂಬು' ಬಾಣವೋ, ನೀರೋ? ನಮ್ಮ ಮನೆಯಲ್ಲಿ ಇದೇ ಜಗಳ.

ಉತ್ತರ: ಜಗಳಕ್ಕೆ ಕಾರಣ ಇದೆ. ಕನ್ನಡದಲ್ಲಿ ಅಂಬು ಅಂದರೆ ಬಾಣ, ಸಂಸ್ಕೃತದಲ್ಲಿ ನೀರು. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಅನ್ನುವ ಊರ ಕಥೆ ಬಾಣದ ಕಡೆಗಿದೆ. 'ಶರ'ಕ್ಕೆ ಬಾಣ ಅಂತಲೂ ಅರ್ಥ, ಜೊಂಡುಹುಲ್ಲು ಅಂತಲೂ ಅರ್ಥ. ಹಾಗಾಗಿ ಶರಾವತಿ ಅಂದರೆ ಜೊಂಡು ಬೆಳೆದ ಹೊಳೆ ಅನ್ನುವುದಕ್ಕೂ ದಾರಿ ಇದೆ. ಆದರೂ ನನ್ನ ಓಟು ಬಾಣಕ್ಕೆ. ನೀರು ಅಂತ ಹೇಳಲು ತೀರ್ಥ ಅನ್ನುವ ಮಾತು ಆಗಲೇ ಇದೆಯಲ್ಲ, ಎರಡು ಸಲ ಯಾಕೆ ಹೇಳುತ್ತಾರೆ?