ದೊಡ್ಡದು ಮನೆಯಲ್ಲಿರಲಿ, ಸಣ್ಣದು ಮುಧೋಳಕ್ಕೆ ಹೋಗಲಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಎರಡನೇ ಕಾರಿನ ಬಗ್ಗೆಯೇ ಇವೆ. ಮೊದಲನೇ ಪತ್ರ ಉದ್ದ ಇದೆ, ಉತ್ತರವೂ ಉದ್ದ ಆಯಿತು. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾವಿರುವುದು ಬಾಗಲಕೋಟೆ ನವನಗರದಲ್ಲಿ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಆರು ಜನ. ನಮ್ಮವರು ಕೆಲಸಕ್ಕೆ ದಿನಾ ಮುಧೋಳಕ್ಕೆ ಹೋಗಿ ಬರುತ್ತಾರೆ, ಎರಡೂ ಕಡೆ ಸೇರಿ ನೂರು ಕಿಲೋಮೀಟರ್ ಹತ್ತಿರ. ನಾನು ಇಲ್ಲೇ ಶಾಲೆಯಲ್ಲಿ ಟೀಚರ್. ಮಕ್ಕಳನ್ನು ಬಿಡುವುದು, ಮಂಡಿನೋವಿನ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಸಂತೆ, ಎಲ್ಲಾ ನನ್ನದೇ. ಹಳೇ ಕಾರು ಮಾರಿದ್ದೂ ಸೇರಿ ಕೈಯಲ್ಲಿ 22 ಲಕ್ಷ ಇದೆ. ನಮ್ಮವರು ತಮಗೊಂದು ದೊಡ್ಡ ಡೀಸೆಲ್ ಎಸ್‌ಯುವಿ, ನನಗೊಂದು ಸಣ್ಣ ಕಾರು ಅಂತಾರೆ. ‘ಹೈವೇಗೆ ದೊಡ್ಡದು, ಊರೊಳಗೆ ಸಣ್ಣದು, ಎಲ್ಲರೂ ಹಂಗೇ ಮಾಡೋದು’ ಅಂತ. ಸರಿನಾ? ನನಗೆ ಯಾಕೋ ಒಪ್ಪಿಗೆ ಆಗ್ತಿಲ್ಲ.
— ನವನಗರದ ಓದುಗರು

ಉತ್ತರ: ಎಲ್ಲರೂ ಹಾಗೇ ಮಾಡುತ್ತಾರೆ, ನಿಜ. ನಾನೂ ಹಾಗೇ ಮಾಡಿದ್ದೆ. ಬೆಳಗಾವಿಯ ನಮ್ಮ ಮನೆಯ ಏಳು ಸೀಟಿನ ಗಾಡಿ ದಿನಾ ನನ್ನೊಬ್ಬನನ್ನು ಹೊತ್ತುಕೊಂಡು ಕಿತ್ತೂರಿಗೆ ಹೋಗಿ, ಅಲ್ಲೊಂದು ಬೇವಿನ ಮರದ ಕೆಳಗೆ ಸಂಜೆವರೆಗೆ ನಿಂತಿರುತ್ತಿತ್ತು. ಒಂದು ದಿನ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಮನೆಯಲ್ಲಿದ್ದ ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಅವರ ಕಾಲು ಚಾಚಿಸಲು ಆಗಲೇ ಇಲ್ಲ, ಹೆಂಡತಿ ಪಕ್ಕದ ಮನೆಯವರ ಗಾಡಿ ಕೇಳಿ ತಂದಳು. ನಮ್ಮ ಏಳು ಸೀಟು ಆಗಲೂ ಬೇವಿನ ಮರದ ಕೆಳಗೇ ಇತ್ತು.

ನಿಮ್ಮ ಮನೆಯಲ್ಲಿ ಜಾಸ್ತಿ ಓಡುವ ಗಾಡಿ ಒಂದು, ಜಾಸ್ತಿ ಜನ ಕೂರುವ ಗಾಡಿ ಇನ್ನೊಂದು. ನಿಮ್ಮವರು ಎರಡನ್ನೂ ಒಂದೇ ಗಾಡಿ ಅಂದುಕೊಂಡಿದ್ದಾರೆ, ಅಲ್ಲೇ ಲೆಕ್ಕ ತಪ್ಪಿದೆ. ಮುಧೋಳಕ್ಕೆ ಹೋಗುವುದು ಒಬ್ಬರು ಮತ್ತು ಒಂದು ಊಟದ ಡಬ್ಬಿ. ಆರು ಜನ, ಸಂತೆ ಚೀಲ, ಮಂಡಿನೋವು, ಸ್ಕೂಲ್ ಬ್ಯಾಗು ಎಲ್ಲಾ ಇರುವುದು ನವನಗರದಲ್ಲಿ. ಹಾಗಾಗಿ ತಿರುವಿ ಹಾಕಿ. ಸಣ್ಣದು ದೂರ ಹೋಗಲಿ, ದೊಡ್ಡದು ನಿಮ್ಮ ಕೈಯಲ್ಲಿರಲಿ.

ದುಡ್ಡಿನ ಲೆಕ್ಕ ನೋಡಿ. ತಿಂಗಳಿಗೆ 25 ದಿನ ಅಂದರೂ 2,500 ಕಿಲೋಮೀಟರ್, ವರ್ಷಕ್ಕೆ 30,000. ದೊಡ್ಡ ಡೀಸೆಲ್ ಗಾಡಿ ಲೀಟರಿಗೆ 14 ಕೊಟ್ಟರೆ 2,140 ಲೀಟರ್ ಚಿಲ್ಲರೆ. ಸಿಎನ್‌ಜಿ ಇರುವ ಸಣ್ಣ ಕಾರು ಕೆಜಿಗೆ 27 ಕೊಟ್ಟರೆ 1,110 ಕೆಜಿ. ಎರಡಕ್ಕೂ 90 ರೂಪಾಯಿ ಅಂತಲೇ ಹಿಡಿಯೋಣ, ಲೆಕ್ಕ ಸುಲಭ ಆಗುತ್ತದೆ. ಒಂದಕ್ಕೆ 1.93 ಲಕ್ಷ, ಇನ್ನೊಂದಕ್ಕೆ ಒಂದು ಲಕ್ಷ. ವರ್ಷಕ್ಕೆ 93,000 ರೂಪಾಯಿ ಖಾಲಿ ಸೀಟು ಹೊತ್ತು ತಿರುಗಿದ್ದಕ್ಕೆ! ಇದನ್ನು ರಾತ್ರಿ ಊಟ ಆದಮೇಲೆ ತೋರಿಸಿ, ಊಟಕ್ಕೆ ಮುಂಚೆ ಬೇಡ.

ಆದರೆ ಸಣ್ಣದು ಅಂದ ತಕ್ಷಣ ಸಿಕ್ಕಿದ್ದು ತಗೋಬೇಡಿ. ಮುಧೋಳದ ದಾರಿ ನನಗೆ ಗೊತ್ತು. ಕಬ್ಬಿನ ಸೀಸನ್ನಿನಲ್ಲಿ ಸಂಜೆ ಏಳರ ಮೇಲೆ ಎದುರಿಗೆ ಒಂದು ಕಣ್ಣಿನ ಟ್ರ್ಯಾಕ್ಟರ್ ಬರುತ್ತದೆ, ಬೈಕ್ ಅಂದುಕೊಂಡು ಪಕ್ಕಕ್ಕೆ ಸರಿದರೆ ಹಿಂದೆ ಎರಡು ಟ್ರೈಲರ್ ಕಬ್ಬು. ಮುಂದೆ ಹೋಗುವ ಟ್ರೈಲರಿಗೆ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ, ಕಬ್ಬಿನ ತುದಿ ನಿಮ್ಮ ಗಾಜಿನ ಮುಂದೆ ಬಂದಾಗಲೇ ಗೊತ್ತಾಗುವುದು. ಇಂಥ ದಾರಿಯಲ್ಲಿ ದಿನಾ ಹೋಗುವ ಗಾಡಿಗೆ ಆರು ಏರ್‌ಬ್ಯಾಗ್, ಇಎಸ್‌ಸಿ (ಜಾರುವ ಗಾಡಿಯನ್ನು ತಾನೇ ಹಿಡಿತಕ್ಕೆ ತರುವ ವ್ಯವಸ್ಥೆ), ಒಳ್ಳೆಯ ಹೆಡ್‌ಲೈಟ್ ಬೇಕೇ ಬೇಕು. ಸನ್‌ರೂಫ್ ಬೇಡ, ನಮ್ಮ ಬಿಸಿಲಿಗೆ ಅದನ್ನು ತೆರೆಯುವವರು ಯಾರು? ಈಗಿನ ಡಿಸೈರ್ ಕಾರು, ಗುದ್ದಿಸಿ ಸುರಕ್ಷತೆ ಅಳೆಯುವ ಪರೀಕ್ಷೆಗಳಲ್ಲಿ, ಅಂದರೆ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ, 2025ರಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ತಗೊಂಡಿದೆ, ಸಿಎನ್‌ಜಿಯೂ ಇದೆ. ಕಂಪನಿ ಕೆಜಿಗೆ 33.73 ಅನ್ನುತ್ತದೆ, ರಸ್ತೆಯಲ್ಲಿ ಅಷ್ಟು ಬರುವುದಿಲ್ಲ, ನಾನು ಅದಕ್ಕೇ 27 ಹಿಡಿದದ್ದು. ಸಿಲಿಂಡರ್ ಡಿಕ್ಕಿ ತಿನ್ನುತ್ತದೆ, ಡಬ್ಬಿ ಒಯ್ಯುವವರಿಗೆ ಅದೇನು ತೊಂದರೆ ಅಲ್ಲ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಬೇಕು, ಮರೆಯಬೇಡಿ. ಬುಕ್ ಮಾಡುವ ಮುಂಚೆ ನಿಮ್ಮವರು ಒಂದು ವಾರ ತಮ್ಮ ದಾರಿಯಲ್ಲೇ ಗ್ಯಾಸ್ ಬಂಕ್ ಎಲ್ಲಿದೆ, ಸಂಜೆ ಹೊತ್ತಿಗೆ ಎಷ್ಟು ಗಾಡಿ ಸಾಲು ನಿಂತಿರುತ್ತವೆ ಅಂತ ನೋಡಲಿ. ಬಂಕಿಗಾಗಿ ದಿನಾ ಎಂಟು ಕಿಲೋಮೀಟರ್ ಸುತ್ತಬೇಕು ಅಂದರೆ ಪೆಟ್ರೋಲ್ ಕಾರೇ ಸಾಕು.

ಈಗ ನಿಮ್ಮ ಗಾಡಿ. ‘ಸರಿ, ದೊಡ್ಡ ಡೀಸೆಲ್ ಎಸ್‌ಯುವಿಯನ್ನೇ ಮನೆಗೆ ಬಿಡ್ತೀನಿ’ ಅಂತ ನಿಮ್ಮವರು ಅಂದರೆ ಒಪ್ಪಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿ ಫಿಲ್ಟರ್ ಚೆನ್ನಾಗಿ ಕಾಯಬೇಕು. ಶಾಲೆಗೆ ಎರಡು ಕಿಲೋಮೀಟರ್, ಸಂತೆಗೆ ಮೂರು ಕಿಲೋಮೀಟರ್ ಹೋದರೆ ಅದು ಕಾಯುವುದೇ ಇಲ್ಲ. ಕಿತ್ತೂರಿನ ಕೆಲಸ ಮುಗಿದಮೇಲೆ ನಮ್ಮ ಗಾಡಿ ಟಿಳಕವಾಡಿಯಿಂದ ಖಡೇ ಬಜಾರಿಗೆ ಓಡಾಡುತ್ತಾ ನಾಲ್ಕೇ ತಿಂಗಳಲ್ಲಿ ಫಿಲ್ಟರ್ ಕಟ್ಟಿದೆ ಅಂತ ಹೇಳುವ ಹಳದಿ ದೀಪ ಹೊತ್ತಿಸಿತು. ನಾನೇ ದೀಪ ನೋಡಿಯೂ ಸುಮ್ನಿದ್ದೆ. ವರ್ಕ್‌ಶಾಪಿನ ಬಿಲ್ ಎಷ್ಟಾಯಿತು ಅಂತ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಇಲ್ಲಿ ಬರೆದರೂ ಗೊತ್ತಾಗುತ್ತದೆ, ಬಿಡಿ.

ನಿಮಗೆ ಬೇಕಾದದ್ದು ಪೆಟ್ರೋಲಿನ, ಏಳು ಸೀಟಿನ, ನೆಲದಿಂದ ತುಂಬಾ ಎತ್ತರ ಅಲ್ಲದ ಗಾಡಿ. ಎರ್ಟಿಗಾ ಅಥವಾ ಕಾರೆನ್ಸ್ ತರಹದ್ದು. ಶೋರೂಮಿಗೆ ಹೋಗುವಾಗ ಅತ್ತೆಯನ್ನು ಕರೆದುಕೊಂಡು ಹೋಗಿ. ದಿನಾ ಉಡುವ ಇಳಕಲ್ ಸೀರೆಯಲ್ಲೇ ಬರಲಿ, ಕೋಲೂ ಇರಲಿ. ಬಾಗಿಲು ತೆರೆದು, ಅವರು ಮೊದಲು ಸೀಟಿಗೆ ಕೂತು ಆಮೇಲೆ ಕಾಲು ಒಳಗೆ ಎಳೆದುಕೊಳ್ಳಲು ಆಗುತ್ತದಾ ನೋಡಿ. ಸೀಟು ಅವರ ಸೊಂಟದ ಸಮಕ್ಕಿದ್ದರೆ ಯಾರ ಕೈಯೂ ಬೇಡ. ಎತ್ತರದ ಎಸ್‌ಯುವಿ ಆದರೆ ಒಂದು ಕಾಲು ಮೇಲಿಟ್ಟು ಮಂಡಿಯ ಮೇಲೆ ಮೈಭಾರ ಹಾಕಿ ಹತ್ತಬೇಕು. ಡಿಸೈರ್ ತರಹದ ಸೆಡಾನ್ ಆದರೆ ಕೂರುವುದು ಸುಲಭ, ಏಳಿಸುವಾಗ ಇಬ್ಬರು ಬೇಕು. ಸೇಲ್ಸ್ ಹುಡುಗ ಟಚ್‌ಸ್ಕ್ರೀನ್ ತೋರಿಸುತ್ತಾ ಇರಲಿ, ನೀವು ಅತ್ತೆಯ ಮುಖ ನೋಡಿ.

ಆರು ಜನ ಹೋಗುವಾಗ ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಒಬ್ಬ ಮಗ. ಹಿಂದಿನ ಸಾಲಿನ ಇನ್ನರ್ಧ ಮಡಚಿ ಸಾಮಾನಿಡಿ, ಯಾಕೆಂದರೆ ಎರ್ಟಿಗಾದಲ್ಲಿ ಮೂರೂ ಸಾಲು ತೆರೆದಿದ್ದರೆ ಡಿಕ್ಕಿ 209 ಲೀಟರ್ ಅಷ್ಟೇ, ರೊಟ್ಟಿ ಬುತ್ತಿ ಮತ್ತು ಎರಡು ಬ್ಯಾಗಿಗೆ ಮುಗಿಯಿತು. ಇನ್ನೊಂದು ಮಾತು ಮುಚ್ಚಿಡುವುದಿಲ್ಲ. 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎರಡು ಏರ್‌ಬ್ಯಾಗಿನ ಎರ್ಟಿಗಾಗೆ ಒಂದೇ ಸ್ಟಾರ್ ಕೊಟ್ಟಿತ್ತು. 2025ರಿಂದ ಆರು ಏರ್‌ಬ್ಯಾಗ್ ಎಲ್ಲದರಲ್ಲೂ ಬರುತ್ತಿವೆ. ಊರೊಳಗಿನ ನಲವತ್ತರ ವೇಗಕ್ಕೆ ನನಗೆ ಅದು ಸಾಕು, ರಾತ್ರಿ ಹೈವೇಗೆ ಸಾಕಾಗುತ್ತದೆ ಅಂತ ಹೇಳಲಾರೆ. ಸೆಕೆಂಡ್ ಹ್ಯಾಂಡ್ ನೋಡಿದರೂ ಆರು ಏರ್‌ಬ್ಯಾಗಿನದ್ದೇ ನೋಡಿ.

ಟ್ಯಾಕ್ಸ್ ವಿಷಯ ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಮೀರದ, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟದ ಕಾರಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಕೂಡ 5ರಿಂದ 10 ಲಕ್ಷದ ಕಾರಿಗೆ ಶೇ 14, ಅದರ ಮೇಲೆ 20 ಲಕ್ಷದವರೆಗೆ ಶೇ 17, ಜೊತೆಗೆ ಸೆಸ್. ಅಂದರೆ ದೊಡ್ಡ ಗಾಡಿಯಲ್ಲಿ, ನಿಮ್ಮವರು ಕೇಳುವುದಾಗಲಿ ನಿಮ್ಮ ಏಳು ಸೀಟಿನದ್ದಾಗಲಿ, ಸರ್ಕಾರಕ್ಕೆ ಹೋಗುವ ಪಾಲು ಜಾಸ್ತಿ.

ನಾಲ್ಕೂಕಾಲು ಮೀಟರ್ ಮೇಲಿನ ಗಾಡಿ ಓಡಿಸಲು ನಿಮಗೆ ಹೆದರಿಕೆಯೇ? ಆಟೋಮ್ಯಾಟಿಕ್ ತಗೊಳ್ಳಿ, ರಿವರ್ಸ್ ಕ್ಯಾಮೆರಾ ಹಾಕಿಸಿ. ನವನಗರದ ರಸ್ತೆ ಅಗಲ ಇವೆ, ಮುಳುಗಡೆ ಊರಿಗೆ ನಕ್ಷೆ ಹಾಕಿ ಕಟ್ಟಿದ ಬಡಾವಣೆ ಅಲ್ವಾ. ಹಳೇ ಬಾಗಲಕೋಟೆಯ ಓಣಿಗೆ ಮಾತ್ರ ಸ್ಕೂಟಿಯಲ್ಲೇ ಹೋಗಿ. ನಿಮ್ಮವರು ‘ಹೊಲಕ್ಕೆ ಹೋಗೋಕೆ ಎಸ್‌ಯುವಿ ಬೇಕು’ ಅಂತ ಕೊನೇ ಮಾತು ಹೇಳಬಹುದು. ಎರೆಮಣ್ಣಿಗೆ ಒಂದು ಮಳೆ ಬಿದ್ದರೆ ಟೂ ವೀಲ್ ಡ್ರೈವ್ ಎಸ್‌ಯುವಿಯೂ ಹೂತುಕೊಳ್ಳುತ್ತದೆ, ಎಳೆಯಲು ಪಕ್ಕದ ಹೊಲದವರ ಟ್ರ್ಯಾಕ್ಟರೇ ಬರಬೇಕು.

ಪ್ರಶ್ನೆ: ವಿಜಯಪುರದಲ್ಲಿ ನಾವು ಇಬ್ಬರೇ, ನಿವೃತ್ತರು. ಒಂದು ಪೆಟ್ರೋಲ್ ಕಾರಿದೆ. ಎರಡನೆಯದು ಎಲೆಕ್ಟ್ರಿಕ್ ತಗೊಂಡರೆ ನಮ್ಮ ಬೇಸಿಗೆ ತಡೆಯುತ್ತದಾ? ವರ್ಷಕ್ಕೆ ಎರಡು ಸಲ ಪಂಢರಪುರಕ್ಕೆ ಹೋಗುತ್ತೇವೆ.

ಉತ್ತರ: ತಗೊಳ್ಳಿ. ಎಲೆಕ್ಟ್ರಿಕ್ ಎರಡನೇ ಕಾರಾಗಿಯೇ ಚೆಂದ. ಟಿಯಾಗೋ ಇವಿಯ 24 ಯೂನಿಟ್ಟಿನ ಬ್ಯಾಟರಿ ಮನೆಯ 15 ಆಂಪ್ ಪ್ಲಗ್ಗಿನಲ್ಲಿ ಎಂಟೊಂಬತ್ತು ಗಂಟೆಯಲ್ಲಿ ತುಂಬುತ್ತದೆ. ಆದರೆ ಆ ಪ್ಲಗ್ಗಿಗೆ ಮೀಟರಿನಿಂದಲೇ ಬೇರೆ ದಪ್ಪ ವೈರ್ ಎಳೆಸಿ, ಅರ್ಥಿಂಗ್ ನೋಡಿಸಿ. ಗೀಸರ್ ವೈರಿಗೆ ಸಿಕ್ಕಿಸಬೇಡಿ. ಬೇಸಿಗೆಯಲ್ಲಿ ನೆರಳಲ್ಲಿ ನಿಲ್ಲಿಸಿ, ಮಧ್ಯಾಹ್ನ ಸುತ್ತಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ರಾತ್ರಿ ಹಾಕಿ. ಪಂಢರಪುರಕ್ಕೆ ಇರುವ ಪೆಟ್ರೋಲ್ ಕಾರು ಇದ್ದೇ ಇದೆಯಲ್ಲ. ಅದನ್ನು ಮಾರಬೇಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಏಕಾದಶಿ ದಿನವೇ ಅದರ ಬ್ಯಾಟರಿ ಕೈಕೊಡುತ್ತದೆ.

ಪ್ರಶ್ನೆ: ಬೆಳಗಾವಿಯವನು. ಎರಡನೇ ಕಾರು ಕೊಲ್ಹಾಪುರದಿಂದ ತಂದರೆ ಕಡಿಮೆಗೆ ಸಿಗುತ್ತೆ ಅಂತಾರೆ. ತರಲಾ?

ಉತ್ತರ: ಅಲ್ಲಿನ ಎಂಎಚ್-09 ನಂಬರನ್ನು ನಮ್ಮ ಕೆಎ-22 ಮಾಡುವ ಖರ್ಚು ಸೇರಿಸಿ ಆಮೇಲೆ ಕಡಿಮೆಯಾ ಹೇಳಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು, ಸಾಲ ಇದ್ದಿದ್ದರೆ ಬ್ಯಾಂಕಿನ ಕ್ಲಿಯರೆನ್ಸ್ ಬೇಕು, ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟಬೇಕು. ಹನ್ನೆರಡು ತಿಂಗಳು ದಾಟಿ ಇಲ್ಲೇ ಇಟ್ಟುಕೊಂಡರೆ ನಂಬರ್ ಬದಲಿಸಲೇಬೇಕು ಅಂತ ಕಾನೂನೇ ಇದೆ. ಇನ್ನೊಂದು, 2019 ಮತ್ತು 2021ರಲ್ಲಿ ಕೊಲ್ಹಾಪುರ, ಸಾಂಗ್ಲಿ ಕಡೆ ಎಂಥ ಪ್ರವಾಹ ಬಂದಿತ್ತು ನೆನಪಿದೆಯಾ? ಆ ನೀರಲ್ಲಿ ನಿಂತ ಕಾರುಗಳೂ ತೊಳೆದು ಪಾಲಿಶ್ ಮಾಡಿಸಿಕೊಂಡು ಮಾರಾಟಕ್ಕೆ ಬರಬಹುದು. ಸೀಟ್ ಬೆಲ್ಟನ್ನು ಕೊನೇವರೆಗೂ ಎಳೆಯಿರಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಮಾತಾಡದೆ ವಾಪಸ್ ಬನ್ನಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ತುಕ್ಕು ನೋಡಿ. ಗಾಜು ಏರಿಸಿ ಹತ್ತು ನಿಮಿಷ ಬಿಸಿಲಲ್ಲಿಟ್ಟು ಬಾಗಿಲು ತೆರೆಯಿರಿ, ಹಸಿ ಗೋಣಿಚೀಲದ ವಾಸನೆ ಬಂದರೂ ಅಷ್ಟೇ.

ಪ್ರಶ್ನೆ: ಎರಡು ಕಾರಿಗೆ ಒಂದೇ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನಡೆಯುತ್ತದಾ?

ಉತ್ತರ: ಇಲ್ಲ. ಒಂದು ಪಾಸ್ ಒಂದೇ ಗಾಡಿಗೆ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಈ ಪಾಸಿನಲ್ಲಿ ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಮುಗಿಯಿತು. ಹತ್ತರಗಿ, ಹಿರೇಬಾಗೇವಾಡಿಯಂಥ ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲಿ ನಡೆಯುತ್ತದೆ, ರಾಜ್ಯ ಹೆದ್ದಾರಿಯ ಟೋಲಿನಲ್ಲಿ ಮಾಮೂಲಿನಂತೆ ದುಡ್ಡು ಕಟ್ ಆಗುತ್ತದೆ. ಹೈವೇಗೆ ಹೋಗುವ ಗಾಡಿಗೆ ಮಾತ್ರ ಮಾಡಿಸಿ.